ಸೇತುವೆಯ ಕೆಳಗಿನ ಡಚೆಸ್

ಮೊನ್ನೆ ಶನಿವಾರ ಮಗಳು ಅಡುಗೆಮನೆಯ ಮೇಜಿನ ಮೇಲೆ ಬೆರಳು ಹರಡಿಕೊಂಡು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ನಾನು ಕುಕ್ಕರಿನ ಸೀಟಿ ಎಣಿಸುತ್ತ ನಿಂತಿದ್ದೆ. ನೇಲ್ ವಾರ್ನಿಷಿನ ಆ ಚುರುಕು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಕೂಡಿಕೊಂಡು ಗಾಳಿಯಲ್ಲಿ ಗಂಟು ಹಾಕತೊಡಗಿದವು. ಏನು ಮಾಡುತ್ತಿದ್ದೀಯ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡಲು ಮಾತ್ರ ಬಾಯಿ ಬರುವುದಿಲ್ಲ.

"ಒಂದು ಮೀನು ನೆನಪಾತು," ಅಂದೆ.

ನೀನು ಮೀನು ತಿನ್ನುವುದೇ ಇಲ್ಲವಲ್ಲ ಅಂದಳು. ನಿಜ, ತಿಂದಿಲ್ಲ. ಆದರೆ ಕೊಂದಿದ್ದೇನೆ. ಒಂದೇ ಒಂದು.

ಇಪ್ಪತ್ತು ವರ್ಷದ ಮೇಲಾಯಿತು. ಹೊಸ ಸಹಸ್ರಮಾನದ ಗದ್ದಲ ಅಡಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಗದಗಿನಿಂದ ಹೋದ ನಾನು ಮ್ಯಾಂಚೆಸ್ಟರಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಯ ವಿಭಾಗದ ಕಿರಿಯ ವೈದ್ಯೆ. ಫಾಲೋಫೀಲ್ಡಿನ ಒಂದು ವಿದ್ಯಾರ್ಥಿಗಳ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯಲ್ಲಿ ಮಂಗಳೂರಿನ ಲಿಲ್ಲಿ, ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಡುಗೆಮನೆ ಒಂದೇ. ಅವಳು ವಾರಕ್ಕೆ ಮೂರು ದಿನ ಮೀನು, ಎರಡು ದಿನ ಕೋಳಿ ಬೇಯಿಸುವವಳು. ನಾನು ಲಿಂಗ ಕಟ್ಟಿದ ಮನೆಯವಳು, ಮೊಟ್ಟೆಯನ್ನೂ ಮುಟ್ಟದವಳು. ಹಾಗಾಗಿ ನನ್ನ ಪಾತ್ರೆಗಳ ತಳಕ್ಕೆಲ್ಲ ಕೆಂಪು ನೇಲ್ ವಾರ್ನಿಷಿನ ಬೊಟ್ಟು ಇಟ್ಟಿದ್ದೆ. ಲಿಲ್ಲಿ ಅದಕ್ಕೆ ನಗುತ್ತಿದ್ದಳೇ ಹೊರತು ಒಂದು ದಿನವೂ ತಪ್ಪಿ ಬೊಟ್ಟಿನ ಪಾತ್ರೆ ಮುಟ್ಟಲಿಲ್ಲ.

ನಮ್ಮ ವಿಭಾಗದ ಹಿರಿಯ ಸರ್ಜನ್‌ನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನನ್ನ ಹೆಸರು ಬರೆಯಲಿಲ್ಲ, ನಾನು ಅವರದನ್ನು ಬರೆಯುವುದಿಲ್ಲ. ಲ್ಯಾಂಗ್ಲಿ ಎಂದಿರಲಿ. ಅಲ್ಲಿ ಸರ್ಜನ್‌ಗಳನ್ನು ಡಾಕ್ಟರ್ ಅನ್ನುವುದಿಲ್ಲ, ಮಿಸ್ಟರ್ ಅನ್ನುತ್ತಾರೆ. ಮಿಸ್ಟರ್ ಲ್ಯಾಂಗ್ಲಿ ಎತ್ತರದ, ಮೆಲುದನಿಯ ಮನುಷ್ಯ. ಯಾರ ಮೇಲೂ ರೇಗಿದವರಲ್ಲ. ಬೆರಳಿನ ನರ ಕಡಿದುಕೊಂಡವರಿಗೆ ಯಾವ ಬಗೆಯ ಹೊಲಿಗೆ ಹಾಕಿದರೆ ಕೈ ಚೆನ್ನಾಗಿ ಮಡಚುತ್ತದೆ ಎಂದು ಹಳೆಯ ಫೈಲುಗಳನ್ನು ನೋಡಿ ಬರೆ, ಪೇಪರ್ ಮಾಡೋಣ ಅಂದರು. ಒಂದು ವರ್ಷ ಪೂರ್ತಿ ನನ್ನ ಶನಿವಾರಗಳೆಲ್ಲ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಳೆದವು. ಕಿಟಕಿಯಿಲ್ಲದ ಕೋಣೆ, ಧೂಳು, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು. ಪೇಪರನ್ನು ನಾಲ್ಕು ಸಲ ತಿದ್ದಿ ಬರೆದೆ. ಮಾರ್ಚಿನಲ್ಲಿ ಅದು ಅಚ್ಚಾಗಿ ಬಂತು. ಮೊದಲು ಲ್ಯಾಂಗ್ಲಿಯ ಹೆಸರು, ಆಮೇಲೆ ರೂಪರ್ಟ್ ಎಂಬ ಹುಡುಗನ ಹೆಸರು. ರೂಪರ್ಟ್ ನನ್ನ ಜೊತೆಯ ಕಿರಿಯ ವೈದ್ಯ. ಆ ನೆಲಮಾಳಿಗೆಯ ಮೆಟ್ಟಿಲು ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಆಪರೇಷನ್ ಥಿಯೇಟರಿನ ಹೊರಗೆ ಕೈ ತೊಳೆಯುತ್ತಿದ್ದಾಗ ಕೇಳಿದೆ.

"ಈ ವರ್ಷ ರೂಪರ್ಟ್ ಟ್ರೈನಿಂಗ್ ಪೋಸ್ಟಿಗೆ ಅರ್ಜಿ ಹಾಕಿದ್ದಾನೆ. ಅವನಿಗೆ ಅದು ಬೇಕಿತ್ತು," ಅಂದರು ಲ್ಯಾಂಗ್ಲಿ, ನಲ್ಲಿಯಿಂದ ಕಣ್ಣು ತೆಗೆಯದೆ.

"ಅದೇ ಪೋಸ್ಟಿಗೆ ನನ್ನದೂ ಅರ್ಜಿ ಇದೆ."

"ಗೊತ್ತು," ಅಂದರು.

ಆ ಒಂದು ಶಬ್ದವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮರೆತು ಮಾಡಿದ್ದರೆ, ತಪ್ಪಿ ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಗೊತ್ತಿದ್ದೇ ಮಾಡಿದ್ದರು. ಇದ್ದದ್ದು ಒಂದೇ ಪೋಸ್ಟು, ಅದು ರೂಪರ್ಟನಿಗೆ ಹೋಯಿತು. ಆ ಪೋಸ್ಟು ಸಿಕ್ಕವನು ಮುಂದೆ ಸರ್ಜನ್ ಆಗುತ್ತಾನೆ, ಸಿಗದವರು ಊರಿಂದೂರಿಗೆ ಆರಾರು ತಿಂಗಳ ಕೆಲಸ ಹುಡುಕಿಕೊಂಡು ಅಲೆಯುತ್ತಾರೆ. ನನ್ನ ಕೆಲಸ ಆಗಸ್ಟಿನ ಮೊದಲ ಬುಧವಾರಕ್ಕೆ ಮುಗಿಯುವುದಿತ್ತು. ದೂರು ಕೊಡು ಅಂದಳು ಲಿಲ್ಲಿ. ಯಾರಿಗೆ ಕೊಡುವುದು? ಮುಂದಿನ ಕೆಲಸಕ್ಕೆ ಬೇಕಾದ ರೆಫರೆನ್ಸ್ ಬರೆಯುವವರೂ ಅವರೇ. ಲೀಡ್ಸಿನಲ್ಲಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಫೋನ್ ಮಾಡಿ, ಭಾನುವಾರ ಟಿವಿಡೇಲಿನ ಗುಡಿಗೆ ಹೊರಟಿದ್ದೇವೆ, ನೀನೂ ಬಾ, ಮನಸ್ಸಿಗೆ ಸಮಾಧಾನ ಆಗುತ್ತದೆ ಅಂದರು. ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ.

ಲ್ಯಾಂಗ್ಲಿಯವರಿಗೆ ಹೆಂಡತಿ ಮಕ್ಕಳಿಗಿಂತ ಪ್ರೀತಿಯ ವಸ್ತು ಒಂದಿತ್ತು. ಡರ್ಬಿಶೈರಿನ ಗುಡ್ಡಗಳ ನಡುವೆ ಹರಿಯುವ ಒಂದು ನದಿಯಲ್ಲಿ, ಕಲ್ಲಿನ ಸೇತುವೆಯ ಕೆಳಗಿನ ಮಡುವಿನಲ್ಲಿ ಇದ್ದ ಒಂದು ಟ್ರೌಟ್ ಮೀನು. ಅದಕ್ಕೆ ಡಚೆಸ್, ಅಂದರೆ ದೊರೆಸಾನಿ, ಎಂದು ಹೆಸರಿಟ್ಟಿದ್ದರು. ಆ ನದಿಯ ಒಂದು ದಡ ಅವರ ಮೀನುಗಾರರ ಕ್ಲಬ್ಬಿನದು, ಅದಕ್ಕೆ ಇವರೇ ಅಧ್ಯಕ್ಷರು. ಐದು ವರ್ಷದ ಹಿಂದೆ ಒಮ್ಮೆ ಆ ಮೀನನ್ನು ಹಿಡಿದು, ಮುತ್ತಿಟ್ಟು, ನೀರಿಗೆ ಬಿಟ್ಟಿದ್ದರಂತೆ. ಆಮೇಲೆ ಅದು ಅವರ ಗಾಳಕ್ಕೆ ಬಿದ್ದಿರಲಿಲ್ಲ. ಸೋಮವಾರದ ಆಪರೇಷನ್ ಎಂದರೆ ಡಚೆಸ್ ಪುರಾಣ ಕಡ್ಡಾಯ. ಹಿಡಿದ ಟ್ರೌಟನ್ನು ಕೊಲ್ಲುವುದು ಅನಾಗರಿಕರ ಕೆಲಸ ಎಂಬುದು ಅವರ ಸಿದ್ಧಾಂತ. ಅದನ್ನು ಹೇಳುವಾಗ ಅವರ ದನಿ ಇನ್ನಷ್ಟು ಮೃದುವಾಗುತ್ತಿತ್ತು.

ಪ್ರತಿ ಮೇ ತಿಂಗಳಲ್ಲಿ ತಮ್ಮ ತಂಡವನ್ನು ಒಂದು ದಿನ ನದಿಗೆ ಕರೆದೊಯ್ಯುವುದು ಅವರ ಪದ್ಧತಿ. "ನೀನು ಮೀನು ತಿನ್ನುವವಳಲ್ಲ, ಅಲ್ಲಿ ನಿನಗೆ ಬೇಸರವಾಗುತ್ತದೆ. ಯಾರಾದರೂ ವಾರ್ಡ್ ನೋಡಿಕೊಳ್ಳಬೇಕಲ್ಲ," ಅಂದರು ನನಗೆ. ಅವರೂ ತಿನ್ನಲು ಹೋಗುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಅವರೆಲ್ಲ ಹೊರಟುಹೋದ ಮೇಲೆ. ಆ ದಿನ ಎಲ್ಲರ ಪೇಜರುಗಳನ್ನೂ ನಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡಿಂದ ವಾರ್ಡಿಗೆ ಓಡಾಡಿದೆ. ಹಾಗೆ ಓಡಾಡುತ್ತಲೇ ತೀರ್ಮಾನಿಸಿದೆ. ಆಗಸ್ಟಿನ ಆ ಬುಧವಾರ ಬರುವುದರೊಳಗೆ ಡಚೆಸ್ ನನ್ನ ಕೈಗೆ ಬರಬೇಕು.

ದಾರಿ ತೋರಿಸಿದವರು ಸ್ಟ್ಯಾನ್. ಎಪ್ಪತ್ತು ದಾಟಿದ ಮುದುಕ. ಗ್ರೀನ್‌ಹೌಸಿನ ಗಾಜು ಒಡೆದು ಹೆಬ್ಬೆರಳಿನ ನರ ಕಡಿದುಕೊಂಡು ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಹೊಲಿದವಳು ನಾನೇ. ಗಾಯ ಮಾಯ್ದಿತ್ತು, ಆದರೆ ಚಿಕ್ಕ ವಸ್ತುಗಳನ್ನು ಚಿವುಟಿ ಹಿಡಿಯಲು ಆಗುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಕೂತು, ಇನ್ನು ಫ್ಲೈ ಕಟ್ಟುವುದು ಮುಗಿಯಿತು ಎಂದು ಬೇಸರ ಮಾಡಿಕೊಂಡರು. ಗರಿ, ರೇಷ್ಮೆ ದಾರ, ತುಪ್ಪಳಗಳಿಂದ ಹುಳುವಿನ ಹಾಗೆ ಕಾಣುವಂತೆ ಕಟ್ಟಿದ ಸಣ್ಣ ಗಾಳಕ್ಕೆ ಫ್ಲೈ ಅನ್ನುತ್ತಾರೆ ಎಂದು ನನಗೆ ಅಂದೇ ಗೊತ್ತಾದದ್ದು. ಮಾತಿಗೆ ಮಾತು ಬಂದು, ಇಪ್ಪತ್ತೆರಡು ವರ್ಷ ಲ್ಯಾಂಗ್ಲಿಯ ಕ್ಲಬ್ಬಿನ ನದಿ ಕಾಯುತ್ತಿದ್ದವರು ಇವರೇ ಎಂದು ತಿಳಿಯಿತು. ಲ್ಯಾಂಗ್ಲಿ ಅಧ್ಯಕ್ಷರಾದ ವರ್ಷವೇ ವಯಸ್ಸಾಯಿತೆಂದು ಇವರನ್ನು ಬಿಡಿಸಿದ್ದರು.

"ನಿಮ್ಮ ಸಾಹೇಬರು ಮೃದುವಾಗಿ ಮಾತಾಡುತ್ತಾರೆ, ಅಲ್ಲವೇ?" ಅಂದರು ಸ್ಟ್ಯಾನ್.

"ಬಹಳ ಮೃದು," ಅಂದೆ. ಅಷ್ಟರಲ್ಲಿ ನಮ್ಮಿಬ್ಬರಿಗೂ ಎಲ್ಲ ಅರ್ಥವಾಗಿತ್ತು.

ಕ್ಲಬ್ಬಿನ ಎದುರು ದಡ ಸ್ಟ್ಯಾನ್‌ರ ಅಕ್ಕನ ಫಾರ್ಮಿಗೆ ಸೇರಿದ್ದು. ಆ ಕಡೆಯಿಂದ ಗಾಳ ಹಾಕುವ ಹಕ್ಕು ಅವರ ಮನೆಯವರಿಗಿತ್ತು, ಅವರು ಕರೆದೊಯ್ದವರಿಗೂ ಇತ್ತು. ನಾನು ಪೋಸ್ಟ್ ಆಫೀಸಿಗೆ ಹೋಗಿ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿದೆ. ಅರ್ಜಿಯಲ್ಲಿ ನನ್ನ ಪೂರ್ತಿ ಹೆಸರು ಬರೆದೆ, ದೊಡ್ಡ ಅಕ್ಷರಗಳಲ್ಲಿ.

ಆ ಬೇಸಿಗೆ ರಜೆ ಸಿಕ್ಕಾಗಲೆಲ್ಲ ಸ್ಟ್ಯಾನ್‌ರ ಅಡುಗೆಮನೆ. ಅವರು ಹೇಳುವುದು, ನಾನು ಕಟ್ಟುವುದು. ಅವರ ಕೆಟ್ಟ ಹೆಬ್ಬೆರಳಿಗೆ ನನ್ನ ಹೆಬ್ಬೆರಳು ಬದಲಿ. ಕೊನೆಯ ಗಂಟಿನ ಮೇಲೆ ಒಂದು ಹನಿ ವಾರ್ನಿಷ್ ಬಿಡಬೇಕು, ಇಲ್ಲದಿದ್ದರೆ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ನನ್ನ ಪಾತ್ರೆಗಳ ಕೆಂಪು ಶೀಶೆಯೇ ಸಾಕಾಯಿತು. ಗಂಟಿನ ವಿಷಯದಲ್ಲಿ ನನಗೆ ಯಾರೂ ಏನೂ ಕಲಿಸಬೇಕಿರಲಿಲ್ಲ. ಗಾಳ ಬೀಸುವುದು ಮಾತ್ರ ಬೇರೆಯೇ ವಿದ್ಯೆ. ಪ್ಲಾಟ್ ಫೀಲ್ಡ್ಸ್ ಪಾರ್ಕಿನ ಹುಲ್ಲಿನ ಮೇಲೆ, ದಾರದ ತುದಿಗೆ ಉಣ್ಣೆಯ ಎಳೆ ಕಟ್ಟಿಕೊಂಡು, ಬೆಳಗಿನ ಬಸ್ಸಿಗೆ ಮುಂಚೆ ಅರ್ಧ ಗಂಟೆ ಬೀಸುತ್ತಿದ್ದೆ. ತೋಳಿನ ಬಲ ಬೇಡ, ಹಿಂದಕ್ಕೆ ಎಳೆದಾಗ ದಾರ ಪೂರ್ತಿ ಚಾಚುವವರೆಗೆ ಕಾಯಬೇಕು. ನನಗೆ ಅದೇ ಬಾರದು. ಒಂದು ದಿನ ನಾಯಿ ತಿರುಗಾಡಿಸುತ್ತಿದ್ದ ಹೆಂಗಸು ನಿಂತು ನೋಡಿ, "ಇಲ್ಲಿ ಮೀನಿಲ್ಲ, ಲವ್," ಎಂದು ಬಹಳ ಕರುಣೆಯಿಂದ ಹೇಳಿ ಹೋದಳು.

ಜೂನ್ ತುಂಬ ಜಿಟಿಜಿಟಿ. ನಮ್ಮ ಕಡೆಯ ಮಳೆಗೆ ಒಂದು ಆದಿ ಅಂತ್ಯ ಇರುತ್ತದೆ. ಅಲ್ಲಿಯದು ಬಂದದ್ದೂ ತಿಳಿಯದು, ನಿಂತದ್ದೂ ತಿಳಿಯದು, ಮೈ ಮಾತ್ರ ಒದ್ದೆ. ಸ್ಟ್ಯಾನ್ ಮತ್ತು ನಾನು ಎದುರು ದಡದ ಜೊಂಡಿನ ಹಿಂದೆ ಕೂತು, ಥರ್ಮಾಸಿನ ಚಹಾ ಕುಡಿಯುತ್ತ ಡಚೆಸ್‌ಗಾಗಿ ಮಡು ನೋಡುತ್ತಿದ್ದೆವು. ಮೊದಮೊದಲು ನನಗೆ ಕಲ್ಲು ಮಾತ್ರ ಕಾಣುತ್ತಿತ್ತು. ನಾಲ್ಕನೆಯ ಭಾನುವಾರ ಆ ಕಲ್ಲುಗಳಲ್ಲಿ ಒಂದು ಬಾಲ ಅಲ್ಲಾಡಿಸಿತು. ಕಂದು ಮೈ, ಅದರ ಮೇಲೆ ಕೆಂಪು ಚುಕ್ಕಿ, ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಬಹಳ ಚೆಂದ ಇತ್ತು. ಚೆಂದ ಇಲ್ಲದಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು.

ಆ ತಿಂಗಳಲ್ಲೇ ಲ್ಯಾಂಗ್ಲಿಯ ಗಾಳಕ್ಕೆ ಅದು ಒಮ್ಮೆ ಸಿಕ್ಕು, ದಾರ ಹರಿದುಕೊಂಡು ಹೋಯಿತು. ವಾರವಿಡೀ ಥಿಯೇಟರಿನಲ್ಲಿ ಅದೇ ಮಾತು. ಅವರ ಫ್ಲೈಗಳೆಲ್ಲ ದೊಡ್ಡವು, ಹಳದಿ ರೇಷ್ಮೆಯಲ್ಲಿ ಅವರೇ ಕಟ್ಟಿದವು. ಬೇಕಾದವರಿಗೆ ಒಂದೊಂದು ಉಡುಗೊರೆ ಕೊಡುತ್ತಿದ್ದರು. ರೂಪರ್ಟ್ ಒಂದನ್ನು ಟೈಗೆ ಸಿಕ್ಕಿಸಿಕೊಂಡಿದ್ದ.

"ದೊಡ್ಡ ಫ್ಲೈ ನೋಡಿ ನೋಡಿ ಅದಕ್ಕೆ ಬುದ್ಧಿ ಬಂದಿದೆ," ಅಂದರು ಸ್ಟ್ಯಾನ್ ಇದನ್ನು ಕೇಳಿ. "ಜುಲೈ ಕೊನೆಗೆ ರೆಕ್ಕೆ ಇರುವೆಗಳು ನೀರಿಗೆ ಬೀಳುತ್ತವೆ. ಅದನ್ನು ಕಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣದು ಕಟ್ಟು."

ಕಟ್ಟಿದೆ. ಅವಧಿ ಮುಗಿದು ಎಸೆಯಲಿದ್ದ ಕಪ್ಪು ಹೊಲಿಗೆ ದಾರವನ್ನು ಆಸ್ಪತ್ರೆಯಿಂದ ತಂದಿದ್ದೆ, ಬೆರಳಿನ ನರ ಹೊಲಿಯುವಂಥದು. ಜೀರಿಗೆ ಕಾಳಿನಷ್ಟು ಇರುವೆಯಾಯಿತು. ಸ್ಟ್ಯಾನ್ ಅದನ್ನು ಭೂತಗನ್ನಡಿಯಲ್ಲಿ ನೋಡಿ ತಮ್ಮ ಟೋಪಿಗೆ ಚುಚ್ಚಿಕೊಂಡರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ನನ್ನ ಕೊನೆಯ ಭಾನುವಾರ ಬಂತು. ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಕೊರಳಿನ ಲಿಂಗವನ್ನು ತೆಗೆದು ಪೂಜೆಯ ಪೆಟ್ಟಿಗೆಯಲ್ಲಿಟ್ಟು ಹೊರಟೆ. ಹುಟ್ಟಿದಾಗಿನಿಂದ ಹಾಗೆ ಮಾಡಿದವಳಲ್ಲ. ಮೀನು ಹಿಡಿದು, ಫೋಟೋ ತೆಗೆದು, ಬಿಟ್ಟುಬಿಡುವುದು ಎಂದು ಸ್ಟ್ಯಾನ್ ಜೊತೆ ಮಾತಾಗಿತ್ತು. ನನ್ನೊಳಗೆ ಬೇರೆಯೇ ತೀರ್ಮಾನವಾಗಿತ್ತೆಂದು ಆ ಪೆಟ್ಟಿಗೆ ಮುಚ್ಚುವಾಗಲೇ ನನಗೆ ಗೊತ್ತಿತ್ತು.

ಅಂದು ಮಳೆಯಿರಲಿಲ್ಲ. ಅಪರೂಪಕ್ಕೆ ಸೆಕೆ. ಹತ್ತು ಗಂಟೆಯ ಹೊತ್ತಿಗೆ ಗಾಳಿ ನಿಂತು, ಇರುವೆಗಳು ಬಿದ್ದು ನೀರಿನ ಮೇಲೆ ಕರಿ ಪುಡಿ ಚೆಲ್ಲಿದ ಹಾಗಾಯಿತು. ಎದುರು ದಡದಲ್ಲಿ ಯಾರೂ ಇರಲಿಲ್ಲ. ಮಂಡಿಯವರೆಗೆ ನೀರಿಗಿಳಿದೆ, ಬೇಸಿಗೆಯಲ್ಲೂ ಆ ನೀರು ಮೂಳೆ ಕೊರೆಯುತ್ತದೆ. ಮೊದಲ ಬೀಸು ಗಿಡಕ್ಕೆ ಸಿಕ್ಕಿಕೊಂಡಿತು. ಎರಡನೆಯದು ಮಡುವಿಗಿಂತ ಈಚೆಗೆ ಬಿತ್ತು. ಮೂರನೆಯ ಸಲ ದಾರ ಹಿಂದಕ್ಕೆ ಪೂರ್ತಿ ಚಾಚುವವರೆಗೆ ಕಾದೆ. ಇರುವೆ ಸೇತುವೆಯ ನೆರಳಿನ ಅಂಚಿನಲ್ಲಿ ಇಳಿದು ತೇಲಿತು, ನೀರು ಒಮ್ಮೆ ಉಬ್ಬಿತು, ಇರುವೆ ಕಾಣಲಿಲ್ಲ.

"ಈಗ," ಅಂದರು ಸ್ಟ್ಯಾನ್.

ಎಷ್ಟು ಹೊತ್ತು ಎಳೆದಾಡಿದೆನೋ ಲೆಕ್ಕವಿಲ್ಲ. ಓಡಲು ಬಿಟ್ಟೆ, ಎಳೆದೆ, ಮತ್ತೆ ಬಿಟ್ಟೆ. ನನ್ನ ಗಂಟು ಬಿಚ್ಚಲಿಲ್ಲ. ಕೊನೆಗೆ ಸ್ಟ್ಯಾನ್ ಬಲೆ ಒಡ್ಡಿ ಅದನ್ನು ಎತ್ತಿದರು. ಅವರ ಕಣ್ಣಲ್ಲಿ ನೀರಿತ್ತು. "ಫೋಟೋ ತೆಗೆದು ನೀರಿಗೆ ಬಿಡು ಹುಡುಗಿ, ಬೇಗ," ಅಂದರು.

"ನಿಮ್ಮ ಕೋಲು ಕೊಡಿ," ಅಂದೆ.

ಮೀನಿನ ತಲೆಗೆ ಹೊಡೆಯುವ ಗೇಣುದ್ದದ ಕೋಲೊಂದು ಅವರ ಚೀಲದಲ್ಲಿತ್ತು. ಅವರು ನನ್ನ ಮುಖ ನೋಡಿದರು. "ಬೇಡ. ಇದು ಬೆರಳಿನಷ್ಟಿದ್ದಾಗಿಂದ ನಾನು ನೋಡಿದ್ದೇನೆ. ಅವರ ಮೀನಲ್ಲ ಇದು. ಅವರು ಹೆಸರಿಟ್ಟರು, ಅಷ್ಟೇ."

ಅವರು ಕೊಡಲಿಲ್ಲ, ನಾನೇ ಚೀಲದಿಂದ ತೆಗೆದುಕೊಂಡೆ. ಎಲ್ಲಿ ಹೊಡೆಯಬೇಕೆಂದು ಲೆಕ್ಕ ಹಾಕಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಎರಡು ಪೆಟ್ಟು. ಬಾಲ ಸ್ವಲ್ಪ ಹೊತ್ತು ಅದುರಿ ನಿಂತಿತು. ಮೈಮೇಲಿನ ಬಣ್ಣ ನನ್ನ ಕಣ್ಣೆದುರಿಗೇ ಮಂಕಾಗುತ್ತ ಹೋಯಿತು.

ಸ್ಟ್ಯಾನ್ ನನ್ನನ್ನು ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟರು. ನಾನು ಇಳಿದಾಗ ಎಂಜಿನ್ನನ್ನೂ ಆರಿಸಲಿಲ್ಲ. ಮುಂದೆ ಎರಡು ವರ್ಷ ಕ್ರಿಸ್ಮಸ್ ಕಾರ್ಡ್ ಕಳಿಸಿದೆ, ಉತ್ತರ ಬರಲಿಲ್ಲ. ಇಡೀ ಪ್ರಕರಣದಲ್ಲಿ ನಾನು ತಲೆ ತಗ್ಗಿಸುವುದು ಎರಡೇ ಕಡೆ, ಆ ಮುದುಕನ ಮುಂದೆ, ಆ ಮೀನಿನ ಮುಂದೆ. ಬೇರೆಯವರ ಮುಂದೆ ಇಲ್ಲ.

ಮನೆಗೆ ಬಂದು ಕ್ಯಾರಿಯರ್ ಬ್ಯಾಗನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಲಿಲ್ಲಿ ಬಗ್ಗಿ ನೋಡಿ, ನನ್ನನ್ನು ನೋಡಿ, ಮತ್ತೆ ಬ್ಯಾಗ್ ನೋಡಿದಳು.

"ಎಂತ ಮಾರಾಯ್ತಿ ಇದು? ನಿಂಗೆ ಹುಷಾರುಂಟಾ?"

"ಹುಷಾರದೀನಿ. ಇದನ್ನ ಹೆಂಗ ಮಾಡೂದು ಹೇಳಿಕೊಡು. ಮಂಗಳವಾರ ಡಿಪಾರ್ಟ್‌ಮೆಂಟಿನಾಗ ನನ್ನ ಬೀಳ್ಕೊಡುಗೆ ಊಟ ಐತಿ, ಎಲ್ಲಾರೂ ಒಂದೊಂದು ಅಡಿಗಿ ತರಬೇಕು."

ಅವಳಿಗೆ ಡಚೆಸ್ ಕಥೆ ಗೊತ್ತಿತ್ತು. ಮೊಣಕೈವರೆಗೆ ಅಂಗಿಯ ತೋಳು ಮಡಚಿದಳು. "ಹೊಳೆ ಮೀನಿಗೆ ಮಣ್ಣಿನ ವಾಸನೆ ಇರ್ತದೆ. ಹುಳಿ ಜಾಸ್ತಿ ಹಾಕ್ಬೇಕು. ನಾಳೆ ಸಂಜೆ ಮಾಡಿಡುವ, ಗಸಿ ಒಂದು ದಿನ ಕೂತ್ರೆ ರುಚಿ," ಅಂದಳು. ಮೀನು ಶುಚಿ ಮಾಡುತ್ತಿದ್ದವಳು ದವಡೆಯಿಂದ ಏನನ್ನೋ ಬಿಡಿಸಿ ಅಂಗೈ ಮೇಲಿಟ್ಟು ತೋರಿಸಿದಳು. "ಇದೆಂತದು, ಮೂಗುತಿ ಹಾಗೆ ಉಂಟು?"

ತುಕ್ಕು ಹಿಡಿದ ಗಾಳ, ಅದರ ಮೇಲೆ ಹಳದಿ ರೇಷ್ಮೆ. ತೊಳೆದು ಒರೆಸಿ ಜೇಬಿಗೆ ಹಾಕಿಕೊಂಡೆ.

ಸೋಮವಾರ ಸಂಜೆ ವಿಲ್ಮ್ಸ್‌ಲೋ ರೋಡಿನ ಅಂಗಡಿಗಳಿಂದ ತೆಂಗಿನಕಾಯಿ, ಒಣಮೆಣಸಿನಕಾಯಿ, ಹುಣಸೆ ತಂದೆ. ಲಿಲ್ಲಿ ತನ್ನ ಪಾತ್ರೆ ಕೊಡಲು ಬಂದಳು, ನಾನು ಬೇಡವೆಂದು ಬೊಟ್ಟಿರುವ ನನ್ನ ಪಾತ್ರೆಯನ್ನೇ ಒಲೆಗಿಟ್ಟೆ. ಅವಳು ನಗಲಿಲ್ಲ. ಹುರಿದೆ, ರುಬ್ಬಿದೆ, ಅವಳು ಹೇಳಿದ ಹಾಗೆ ಎಲ್ಲ ಮಾಡಿದೆ. ಉಪ್ಪು ನೋಡಿದವಳು ಮಾತ್ರ ಅವಳು.

ಮಂಗಳವಾರ ಮಧ್ಯಾಹ್ನ ಸೆಮಿನಾರ್ ಕೋಣೆಯ ಮೇಜಿನ ಮೇಲೆ ಕೇಕು, ಸ್ಯಾಂಡ್‌ವಿಚ್ಚು, ಪಾಸ್ತಾ ಸಲಾಡು. ನಡುವೆ ನನ್ನ ಗಸಿ, ಅನ್ನ. ಲ್ಯಾಂಗ್ಲಿಗೆ ಕರಿ ಎಂದರೆ ಪ್ರಾಣ. ಚಿಕ್ಕ ಭಾಷಣ ಮಾಡಿದರು. ನಾನು ಶ್ರಮಜೀವಿ ಅಂದರು, ತಂಡಕ್ಕೆ ನನ್ನ ಕೊರತೆ ಕಾಣುತ್ತದೆ ಅಂದರು. ನನಗೆ ಲೀಡ್ಸಿನಲ್ಲಿ ಸ್ಟಾಫ್ ಗ್ರೇಡ್ ಕೆಲಸ ಸಿಕ್ಕಿತ್ತು. ಜೀವನಪೂರ್ತಿ ಬೇರೆಯವರ ಕೈಕೆಳಗೆ ಕೊಯ್ಯುವ ಕೆಲಸ. ಇವತ್ತಿಗೂ ಅದನ್ನೇ ಮಾಡುತ್ತಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಲ್ಯಾಂಗ್ಲಿ ಒಂದು ತಟ್ಟೆ ಮುಗಿಸಿ ಎರಡನೆಯ ಸಲ ಬಡಿಸಿಕೊಂಡರು.

"ಅದ್ಭುತ," ಅಂದರು. "ಮಾಮೂಲಿ ಕಾಡ್ ಮೀನಲ್ಲ ಇದು. ಯಾವ ಮೀನು?"

"ಟ್ರೌಟ್, ಮಿಸ್ಟರ್ ಲ್ಯಾಂಗ್ಲಿ. ಭಾನುವಾರ ನಾನೇ ಹಿಡಿದದ್ದು. ಸೇತುವೆಯ ಕೆಳಗೆ, ಫಾರ್ಮಿನ ದಡದಿಂದ."

ಅವರು ನಕ್ಕರು. ರೂಪರ್ಟನೂ ನಕ್ಕ. ನಾನು ಜೇಬಿನಿಂದ ಹಳದಿ ರೇಷ್ಮೆಯ ಗಾಳ ತೆಗೆದು ಅವರ ತಟ್ಟೆಯ ಅಂಚಿನ ಮೇಲಿಟ್ಟೆ. "ಇದು ದವಡೆಯಲ್ಲಿತ್ತು. ನಿಮ್ಮದೇ ಇರಬೇಕು."

ಅವರು ಅದನ್ನು ನೋಡಿದರು. ಅವರ ಮುಖದ ರಕ್ತ ಇಳಿಯುವುದನ್ನು ನಾನು ಸಾವಕಾಶವಾಗಿ ನೋಡಿದೆ, ರೋಗಿಯ ಮುಖ ನೋಡುವ ಹಾಗೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಗಂಟಲು ಸರಿಮಾಡಿಕೊಂಡು, ಅದೇ ಮೆಲುದನಿಯಲ್ಲಿ ಒಂದೇ ಮಾತು ಕೇಳಿದರು.

"ಯಾವ ಫ್ಲೈಗೆ ಬಂತು?"

ಐದು ವರ್ಷದಿಂದ ಅವರು ಹುಡುಕುತ್ತಿದ್ದ ಉತ್ತರ ಅದು. ಎರಡು ಶಬ್ದದಲ್ಲಿ ಹೇಳಬಹುದಿತ್ತು.

"ಊಟ ಮುಗಿಸಿ, ಮಿಸ್ಟರ್ ಲ್ಯಾಂಗ್ಲಿ. ಆರಿಹೋಗುತ್ತದೆ," ಅಂದೆ.

ಅವರು ಸಭ್ಯಸ್ಥರು. ಬೇರೊಬ್ಬರು ಮಾಡಿ ತಂದ ಅಡುಗೆಯನ್ನು ಎಲ್ಲರೆದುರು ಅರ್ಧಕ್ಕೆ ಬಿಟ್ಟೇಳುವುದು ಅವರಿಗೆ ಬಾರದ ವಿದ್ಯೆ. ಫೋರ್ಕ್ ಎತ್ತಿಕೊಂಡರು. ತಟ್ಟೆಯಲ್ಲಿದ್ದದ್ದನ್ನೆಲ್ಲ, ಒಂದೊಂದೇ ತುತ್ತು, ತಲೆ ಎತ್ತದೆ ತಿಂದರು. ಕೊನೆಯದು ಗಂಟಲಿಳಿಯಲು ನೀರು ಬೇಕಾಯಿತು. ಲೋಟ ತುಂಬಿ ಕೊಟ್ಟವಳು ನಾನೇ. ಆ ಮಧ್ಯಾಹ್ನ ನಾನು ಏನೂ ತಿನ್ನಲಿಲ್ಲ. ಹೊಟ್ಟೆ ತಣ್ಣಗಿತ್ತು.